ಮಟ್ಟದ ಬಾಟಲಿ

ಕಹಿಸೋಡವನ್ನು ಗಟಗಟನೆ ಕುಡಿಯುವವರನ್ನು ಕಂಡರೆ ಪಾಕದಣ್ಣನ ಹೆಂಡತಿಗೆ ಮೈಯೆಲ್ಲ ಉರಿಯುತ್ತಿತ್ತು. "ಬಾಯಾರಿಕೆಗೆ ನೀರಿಲ್ವಾ?" ಎಂದು ಗುರುತು ಪರಿಚಯ ಇಲ್ಲದವರನ್ನೂ ಅಂಗಡಿ ಮುಂದೆ ನಿಲ್ಲಿಸಿ ಕೇಳಿಬಿಡುತ್ತಿದ್ದಳು. ಅವಳ ಪ್ರಕಾರ ಅದನ್ನು ಕುಡಿಯುವುದಕ್ಕೊಂದು ಕ್ರಮವಿತ್ತು. ಬಾಟಲಿ ತಣ್ಣಗಿರಬೇಕು, ಆದರೆ ಲೋಟಕ್ಕೆ ಐಸು ಹಾಕಕೂಡದು. ಮುಚ್ಚಳ ತೆಗೆದ ಮೇಲೆ ಅದರ ಸಿಟ್ಟು ಇಳಿಯುವ ತನಕ ಸುಮ್ಮನಿರಬೇಕು. ಮೊದಲ ಗುಟುಕನ್ನು ನುಂಗದೆ ನಾಲಿಗೆಯ ಮೇಲೆ ಇಟ್ಟುಕೊಳ್ಳಬೇಕು. ಮೊದಲು ಬರುವುದು ಕಹಿ. ಮುಖ ಕಿವುಚಿದರೆ ಕಿವುಚಿಕೊಳ್ಳಲಿ, ಯಾರೂ ಫೋಟೊ ತೆಗೆಯುತ್ತಿಲ್ಲ. ನುಂಗಿ, ಮನಸ್ಸಿನಲ್ಲೇ ಹತ್ತು ಎಣಿಸುವಷ್ಟರಲ್ಲಿ ಗಂಟಲ ಹಿಂದಿನಿಂದ ಸಿಹಿ ತಾನಾಗಿ ಎದ್ದು ಬರುತ್ತದೆ. ಅದು ಬರುವವರೆಗೆ ಎರಡನೇ ಗುಟುಕು ಹಾಕಬಾರದು, ಮಾತಂತೂ ಕೂಡದೇ ಕೂಡದು. "ಮೊದಲ್ನೇ ಗುಟುಕಿಗೇ ತೀರ್ಪು ಕೊಡೋರು ಸಂಸಾರ ಮಾಡೋಕೂ ಲಾಯಕ್ಕಿಲ್ಲ" ಎಂದು ಮುಗಿಸುತ್ತಿದ್ದಳು, ಗಂಡನ ಕಡೆ ಓರೆಗಣ್ಣಿನಲ್ಲಿ ನೋಡುತ್ತ.

ಹಾಗೆ ಹೇಳುವ ಅಧಿಕಾರ ಅವಳಿಗಿತ್ತು. ಬಸ್ ಡಿಪೋದ ಹಿಂದಿನ ಗಲ್ಲಿಯ ಆ ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಕಹಿಸೋಡದ ಪಾಕ ಕಾಯಿಸುತ್ತಿದ್ದವನು ಅವನು. ಅದನ್ನು ಬಾಯಿಗೆ ಬಿಟ್ಟುಕೊಂಡು ಹೌದು, ಅಲ್ಲ ಎನ್ನುತ್ತಿದ್ದವಳು ಅವಳು. ಅವನು ಎಲ್ಲರಿಗೂ ಪಾಕದಣ್ಣ. ಅವಳಿಗೆ ನಾಲಿಗೆ ಅಕ್ಕ ಎಂದು ಹೆಸರು ಬಿದ್ದದ್ದು ರುಚಿ ನೋಡುವ ಕೆಲಸಕ್ಕೋ, ಎದುರಿಗಿದ್ದವರ ನೀರಿಳಿಸುವ ಮಾತಿಗೋ ಹೇಳುವುದು ಕಷ್ಟ. ಎರಡಕ್ಕೂ ಇರಬಹುದು.

ಪಾಕ ಕಾಯಿಸುವುದು ಹುಡುಗಾಟವಲ್ಲ. ಕಹಿ ಕಿತ್ತಳೆಯ ಸಿಪ್ಪೆಯನ್ನು ಮೂರು ದಿನ ನೆನೆಹಾಕಬೇಕು. ಮೊದಲ ದಿನದ ನೀರನ್ನು ಚೆಲ್ಲಬೇಕು, ಎರಡನೆಯದನ್ನು ಎತ್ತಿಡಬೇಕು. ತಾಮ್ರದ ಕೊಪ್ಪರಿಗೆಯಲ್ಲಿ ಸಕ್ಕರೆಯನ್ನು ಕರಗಿಸಿ, ಕೆಂಪಾಗಿಸಿ, ಇನ್ನೇನು ಸುಟ್ಟೇಹೋಯಿತು ಎನ್ನುವ ಘಳಿಗೆಯಲ್ಲಿ ಆ ಎತ್ತಿಟ್ಟ ನೀರನ್ನು ಹುಯ್ಯಬೇಕು. ಒಂದು ಉಸಿರು ಮೊದಲಾದರೆ ಬೆಲ್ಲದ ನೀರು, ಒಂದು ಉಸಿರು ತಡವಾದರೆ ಕಷಾಯ. ಇಷ್ಟೆಲ್ಲ ಮಾಡುವವನು ಅದನ್ನು ತಾನು ಮಾತ್ರ ರುಚಿ ನೋಡುವಂತಿಲ್ಲ. ಕಾರ್ಖಾನೆ ಶುರುಮಾಡಿದ ಹಿರಿಯ ಯಜಮಾನರ ಕಾಲದಿಂದ ಬಂದ ಕಟ್ಟುನಿಟ್ಟು ಅದು. ಹೆತ್ತವರಿಗೆ ಹೆಗ್ಗಣ ಮುದ್ದು, ಕಾಯಿಸಿದವನಿಗೆ ತನ್ನ ಪಾಕವೇ ಅಮೃತ ಎಂದು ಅವರು ಹೇಳುತ್ತಿದ್ದರಂತೆ. ಹಾಗಾಗಿ ಪಾಕದಣ್ಣ ಮೂಗಿನಿಂದ, ನೊರೆಯ ಬಣ್ಣದಿಂದ, ಸೌಟು ತಿರುವುವಾಗ ಮಣಿಕಟ್ಟಿಗೆ ಸಿಗುವ ಭಾರದಿಂದ ಅಂದಾಜು ಮಾಡಿ ಇಳಿಸುತ್ತಿದ್ದ. ಒಂದು ಬಾಟಲಿ ಮಾದರಿ ತುಂಬಿಸಿ ಹೆಂಡತಿಯ ಮುಂದಿಡುತ್ತಿದ್ದ. ಅವಳು ಹತ್ತು ಎಣಿಸಿ ಮೂರರಲ್ಲೊಂದು ಮಾತು ಹೇಳುತ್ತಿದ್ದಳು: "ಸಾಕು", "ಇನ್ನೊಂದು ಕುದಿ", ಇಲ್ಲವೇ "ಚೆಲ್ಲಿ". ಸಾಕು ಎಂದ ಮೇಲೆಯೇ ಅವನೂ ಒಂದು ಲೋಟ ಕುಡಿಯುವುದು. ಆ ಲೋಟದಷ್ಟು ರುಚಿಯಾದದ್ದನ್ನು ಅವನು ಜನ್ಮದಲ್ಲಿ ಬೇರೆ ಕುಡಿದಿರಲಿಲ್ಲ.

ಗಡ್ಡೆ ಕಾಣಿಸಿಕೊಂಡದ್ದು ಅವಳ ಗಂಟಲಲ್ಲಿ. ಊರಲ್ಲಿ ಇಷ್ಟು ಜನರಿದ್ದಾರೆ, ಒಬ್ಬೊಬ್ಬರ ಮೈಯಲ್ಲಿ ಇಷ್ಟೊಂದು ಜಾಗವಿದೆ. ಆ ಹಾಳು ಗಡ್ಡೆಗೆ ಬೇಕಾದದ್ದು ಈ ಒಬ್ಬಳ ಗಂಟಲು! ಆಸ್ಪತ್ರೆಯಲ್ಲಿ ಆರು ವಾರ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು. ಕತ್ತಿನ ಚರ್ಮ ಸುಟ್ಟು ಕಪ್ಪಾಯಿತು, ಬಾಯಿಯ ಪಸೆ ಆರಿತು. ರುಚಿ ಹೋದರೂ ಹೋಗಬಹುದು, ಕೆಲವರಿಗೆ ಮರಳಿ ಬರುತ್ತದೆ, ಕೆಲವರಿಗಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಕಾರ್ಖಾನೆ ಈಗ ಹಿರಿಯ ಯಜಮಾನರ ಸೊಸೆಯ ಕೈಯಲ್ಲಿತ್ತು. ಯಜಮಾನಮ್ಮ ಕೆಟ್ಟವಳಲ್ಲ, ಆದರೆ ಕಾರ್ಖಾನೆ ನಡೆಸಬೇಕಾದವಳು. ಅವಳು ಪಾಕದಣ್ಣನನ್ನು ಕರೆದು, "ಅಕ್ಕನ ನಾಲಿಗೆ ಇರೋವರೆಗೂ ನಿಮ್ಮ ಕೊಪ್ಪರಿಗೆ ಪಾಕ ಅಣ್ಣ. ಆಮೇಲೆ ಎಲ್ಲರ ಹಾಗೆ ಡಬ್ಬದ ಎಸೆನ್ಸು ತರಿಸ್ತೀನಿ. ಒಬ್ಬರೂ ರುಚಿ ನೋಡದೆ ಹೇಗೆ ಮಾರೋದು, ನೀವೇ ಹೇಳಿ" ಎಂದಳು. ಕೊಪ್ಪರಿಗೆ ಹೋದರೆ ಅವನು ಯಾರು ಎನ್ನುವುದು ಅವನಿಗೇ ಗೊತ್ತಿರಲಿಲ್ಲ. ತಲೆಯಾಡಿಸಿ ಬಂದ.

ಕರೆಂಟು ಮುಗಿದು ಹತ್ತನೇ ದಿನ ಅವನು ಮೊದಲ ಮಾದರಿ ಬಾಟಲಿಯನ್ನು ಮನೆಗೆ ತಂದ. ಅವಳು ಬಾಗಿಲಿಗೆ ಎದುರಾಗಿ ಬೆತ್ತದ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಅವನು ಲೋಟ ಕೊಟ್ಟ. ಅವಳು ಒಂದು ಗುಟುಕು ಬಾಯಲ್ಲಿಟ್ಟುಕೊಂಡಳು, ಕಷ್ಟಪಟ್ಟು ನುಂಗಿದಳು, ಕಣ್ಣು ಮುಚ್ಚಿದಳು. ಹತ್ತರವರೆಗೆ ಅವನೂ ಎಣಿಸಿದ.

"ಸಾಕು" ಎಂದಳು.

"ನಿಜವಾಗ್ಲೂ?"

"ನಾಲಿಗೆ ನಂದೋ ನಿಮ್ಮದೋ?"

ಅವನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ. ಹೊರಗೆ ಬಂದು ತನ್ನ ಪಾಲಿನ ಲೋಟ ಕುಡಿದ.

ಅಲ್ಲಿಂದ ಎಂಟು ತಿಂಗಳು ಹಾಗೇ ನಡೆಯಿತು. ವಾರಕ್ಕೊಂದು ಕೊಪ್ಪರಿಗೆ, ಒಂದು ಬಾಟಲಿ, ಒಂದು ಮಾತು. ಹೆಚ್ಚಾಗಿ "ಸಾಕು". ಒಂದು ಸಲ ಮಾತ್ರ ಪಾಕ ಕಾಯುವಾಗ ಯಾರೋ ಕರೆದರೆಂದು ಅವನು ಹೊರಗೆ ಹೋಗಿ ಬಂದಿದ್ದ. ಅವತ್ತು ಮನೆಗೆ ಬರುವಾಗಲೇ ಮನಸ್ಸು ಕೆಟ್ಟಿತ್ತು. ಚಪ್ಪಲಿಯನ್ನು ಒಂದು ಆ ಕಡೆ ಒಂದು ಈ ಕಡೆ ಎಸೆದು ಒಳಗೆ ನುಗ್ಗಿದ್ದ. ಅವಳು ಗುಟುಕು ಹಾಕಿ, "ಚೆಲ್ಲಿ" ಎಂದಳು. ಅವನು ಹೋಗಿ ಇಡೀ ಕೊಪ್ಪರಿಗೆ ಚೆಲ್ಲಿದ. ಇಂಥ ನಾಲಿಗೆ ಈ ಲೋಕದಲ್ಲಿ ಇನ್ನೊಂದಿಲ್ಲ ಎಂದು ವ್ಯಾನಿನಲ್ಲಿ ಕೂತು ಬಾಮೈದನಿಗೆ ಹೇಳಿದ. ಬಾಮೈದ ಎಂದರೆ ಅವಳ ತಮ್ಮ. ಕಾರ್ಖಾನೆಯ ವ್ಯಾನು ಓಡಿಸಿ ಅಂಗಡಿ ಅಂಗಡಿಗೆ ಕ್ರೇಟು ಇಳಿಸುವವನು. "ಆ ನಾಲಿಗೆ ಜೊತೆ ನಾನು ಹುಟ್ಟಿ ಬೆಳೆದಿದ್ದೀನಿ ಭಾವ, ನನಗೆ ಹೇಳ್ತೀರಾ" ಎಂದು ಅವನು ಗೇರು ಬದಲಿಸಿದ.

ಆ ಎಂಟು ತಿಂಗಳೊಳಗೇ ಗಡ್ಡೆ ಮತ್ತೆ ಬಂತು. ಈ ಸಲ ಡಾಕ್ಟರು ಕರೆಂಟಿನ ಮಾತೆತ್ತಲಿಲ್ಲ. ಅವಳ ಊಟ ಗಂಜಿಗೆ ಇಳಿಯಿತು, ಗಂಜಿ ಚಮಚಕ್ಕೆ ಇಳಿಯಿತು. ಆದರೂ ವಾರಕ್ಕೊಂದು ದಿನ ಬೆತ್ತದ ಕುರ್ಚಿಯಲ್ಲಿ ದಿಂಬು ಒರಗಿಸಿಕೊಂಡು ಬಾಗಿಲು ನೋಡುತ್ತ ಕೂರುವುದು ತಪ್ಪಲಿಲ್ಲ.

ಎಡವಟ್ಟಾದದ್ದು ಅಂಥದೇ ಒಂದು ದಿನ, ಮಧ್ಯಾಹ್ನ.

ಕಾರ್ಖಾನೆಯಲ್ಲಿ ಮಟ್ಟದ ಬಾಟಲಿ ಎಂದೊಂದಿರುತ್ತದೆ. ಪಾಕ ತುಂಬಿಸುವ ಮೊದಲು ಯಂತ್ರ ಪ್ರತಿ ಬಾಟಲಿಗೂ ಕತ್ತಿನವರೆಗೆ ಸರಿಯಾಗಿ ತುಂಬುತ್ತದೋ ಇಲ್ಲವೋ ನೋಡಬೇಕಲ್ಲ, ಅದಕ್ಕೆ ಪಾಕ ಹಾಳುಮಾಡುವವರು ಯಾರು? ಬರೀ ಸೋಡಾ ನೀರಿಗೆ ಚಿಟಿಕೆ ಬಣ್ಣ ಕಲಸಿ ಒಂದು ಬಾಟಲಿ ತುಂಬಿಸಿ, ಮುಚ್ಚಳ ಒತ್ತಿ, ಕಿಟಕಿಯ ಬೆಳಕಿಗೆ ಇಡುತ್ತಾರೆ. ಉಳಿದ ಬಾಟಲಿಗಳನ್ನು ಅದರ ಪಕ್ಕ ಹಿಡಿದು ಮಟ್ಟ ನೋಡುತ್ತಾರೆ. ನೋಡಲು ಥೇಟ್ ಕಹಿಸೋಡ, ಬಾಯಿಗೆ ಬಿಟ್ಟರೆ ಸಪ್ಪೆ ನೀರು. ಗುರುತಿಗೆ ಬೇಕೆಂದೇ ಪಾಕದಣ್ಣ ತನ್ನ ಮಾದರಿ ಬಾಟಲಿಯ ಕತ್ತಿಗೆ ಕೆಂಪು ದಾರ ಕಟ್ಟುತ್ತಿದ್ದ. ಅವತ್ತು ಎರಡೂ ಕಿಟಕಿಯಲ್ಲಿದ್ದವು, ದಾರ ಇನ್ನೂ ಜೇಬಿನಲ್ಲಿತ್ತು. ಹೊರಗೆ ಬಾಮೈದ ಒಂದೇ ಸಮನೆ ಹಾರ್ನು ಒತ್ತುತ್ತಿದ್ದ. ಬಂದೆ ಮಾರಾಯ ಎಂದು ಕೂಗುತ್ತ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು, ದಾರಿಯಲ್ಲಿ ದಾರ ಕಟ್ಟಿದ.

ಮನೆಯಲ್ಲಿ ಅವಳು ಎಂದಿನಂತೆ ಗುಟುಕು ಹಾಕಿದಳು. ಅರ್ಧ ಗಲ್ಲದ ಮೇಲೆ ಇಳಿಯಿತು, ಅವನು ಒರೆಸಿದ. ಅವಳು ಕಣ್ಣು ಮುಚ್ಚಿ ಎಣಿಸಿದಳು.

"ಈ ಸಲ ಬಾಳ ಚೆನ್ನಾಗಿ ಬಂದಿದೆ ರೀ" ಎಂದಳು. "ಕಹಿ ಬಂತು, ಹೋಯ್ತು. ಸಿಹಿ ನಿಧಾನಕ್ಕೆ ಬಂತು. ಸಾಕು."

ವ್ಯಾನು ಕಾಯುತ್ತಿತ್ತು. ತನ್ನ ಪಾಲಿನದನ್ನು ಸಂಜೆ ಕುಡಿದರಾಯಿತು ಎಂದು ಅವನು ಉಬ್ಬಿಕೊಂಡೇ ಹೋದ. ಕಾರ್ಖಾನೆಗೆ ಹೋಗಿ "ಸಾಕಂತೆ, ತುಂಬಿಸಿ" ಎಂದು ಹೇಳಿ ಕಿಟಕಿಯ ಹತ್ತಿರ ಬಂದರೆ, ತಳದಲ್ಲಿ ಸಿಪ್ಪೆಯ ಸಣ್ಣ ಗಸಿ ನಿಂತಿದ್ದ ಅವನ ಬಾಟಲಿ ಅಲ್ಲೇ ಕೂತಿತ್ತು. ಅದರ ಪಕ್ಕದ ಜಾಗ ಖಾಲಿ.

ಅವನು ವ್ಯಾನಿಗೂ ಕಾಯದೆ ನಡೆದೇ ಮನೆಗೆ ಬಂದ. ಮೇಜಿನ ಮೇಲಿದ್ದ ಬಾಟಲಿ ಎತ್ತಿ ಬಾಯಿಗಿಟ್ಟ. ನೀರು. ಬಣ್ಣದ ನೀರು.

"ಯಾವಾಗಿಂದ?" ಎಂದು ಕೇಳಿದ.

ಅವಳಿಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವ ಮಾತು ಇಷ್ಟು ಸರಿಯಾಗಿ ಯಾರಿಗೂ ಹೊಂದಿರಲಾರದು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಕರೆಂಟು ಕೊಟ್ಟ ಮೂರನೇ ವಾರದಿಂದ. ಉಪ್ಪಿಲ್ಲ, ಹುಳಿಯಿಲ್ಲ. ಬಾಯಲ್ಲಿ ಹತ್ತಿ ಇಟ್ಟ ಹಾಗಿರತ್ತೆ."

"ಎಂಟು ತಿಂಗಳು!"

"ಎಂಟು ತಿಂಗಳಲ್ಲಿ ಒಂದು ಅಂಗಡಿಯವನಾದ್ರೂ ಬಾಟ್ಲಿ ವಾಪಸ್ ಕಳಿಸಿದ್ನಾ?"

"ನಾಟಕ ಆಡಿದ್ಯಾ? ಚೆಲ್ಲಿ ಅಂದ್ಯಲ್ಲ, ಒಂದು ಕೊಪ್ಪರಿಗೆ ಪೂರ್ತಿ ಚೆಲ್ಲಿದೆ ನಾನು. ಅದೂ ಬಾಯಿಗೆ ಬಂದ ಹಾಗೆ ಹೇಳಿದ್ದಾ?"

"ಸುಮ್ಮನೆ ಹೇಳಲಿಲ್ಲ. ನೋಡಿ ಹೇಳ್ತಿದ್ದೆ."

"ಏನು ನೋಡಿ?"

"ಹೇಳಲ್ಲ. ಹೇಳಿದ್ರೆ ನೀವು ಕೆಡಿಸ್ತೀರ. ಪಾಕ ನಿಮಗೆ ಗೊತ್ತು ರೀ. ಗೊತ್ತಿದೆ ಅನ್ನೋದೊಂದು ಗೊತ್ತಿಲ್ಲ."

ಅವನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. "ನನ್ನನ್ನ ಕೋಡಂಗಿ ಮಾಡಿಬಿಟ್ಟೆ" ಎಂದ. ಆಡಿದ ಮಾತು ಅದೊಂದೇ. ಆಮೇಲೆ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಗಂಜಿ ಕುಡಿಸಿದ, ಮೈ ಒರೆಸಿದ, ಮಾತ್ರೆ ಅರೆದು ಕೊಟ್ಟ, ತುಟಿ ಮಾತ್ರ ಬಿಚ್ಚಲಿಲ್ಲ. ಅವಳಿಗೆ ಉಳಿದಿದ್ದದ್ದೇ ಹದಿನಾಲ್ಕು ದಿನ. ಅದರಲ್ಲಿ ಎರಡನ್ನು ಈ ಮನುಷ್ಯ ಮುನಿಸಿಗೆ ಹಾಕಿದ. ಮೊದಲ ಗುಟುಕಿಗೇ ತೀರ್ಪು ಕೊಡಬೇಡಿ ಎಂದು ಅವಳು ಜೀವಮಾನವಿಡೀ ಹೇಳಿದ್ದು ಯಾರಿಗೆ, ಗೋಡೆಗೋ? ಆ ಎರಡು ದಿನಗಳನ್ನು ನೆನೆದರೆ ಇಂದಿಗೂ ಅವನು ಕೂತಲ್ಲಿಂದ ಎದ್ದು ಹೋಗುತ್ತಾನೆ.

ಮೂರನೇ ದಿನ ಅವಳಿಗೆ ಉಸಿರು ಹಿಡಿಯಿತು. ಬಾಮೈದ ಕ್ರೇಟುಗಳನ್ನು ಬೀದಿಯಲ್ಲೇ ಇಳಿಸಿ, ವ್ಯಾನಿನಲ್ಲಿ ಹಾಸಿಗೆ ಹಾಸಿ ಆಸ್ಪತ್ರೆಗೆ ಸೇರಿಸಿದ. ಹಸಿರು ಪರದೆಯ ಪಕ್ಕ ಸ್ಟೂಲು ಹಾಕಿಕೊಂಡು ಪಾಕದಣ್ಣ ಅವಳ ಕೈ ಹಿಡಿದ. ಆ ಕೈಯಲ್ಲಿ ಎಲುಬು ಬಿಟ್ಟರೆ ಸೂಜಿಯ ಟೇಪು.

"ತಪ್ಪಾಯ್ತು ಕಣೇ" ಎಂದ.

"ಯಾವುದು? ಮದುವೆ ಆಗಿದ್ದಾ?" ದನಿ ಹೋಗಿತ್ತು, ನಾಲಿಗೆ ಹೋಗಿರಲಿಲ್ಲ.

ಅವನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಕಣ್ಣೊರೆಸಿಕೊಂಡು, "ಏನು ನೋಡಿ ಹೇಳ್ತಿದ್ದೆ, ಅದಾದ್ರೂ ಹೇಳು. ನನ್ನ ಮುಖಾನಾ?" ಎಂದು ಕೇಳಿದ.

"ಆ ಮುಖದಲ್ಲಿ ನೋಡೋಕೇನಿದೆ. ಸುಖಕ್ಕೂ ಅದೇ, ದುಃಖಕ್ಕೂ ಅದೇ" ಎಂದಳು. ಪರದೆಯ ಕಡೆ ತಿರುಗಿ, "ಕೊಪ್ಪರಿಗೆ ಬಿಡಬೇಡಿ" ಎಂದಳು. ಆಮೇಲೆ ದಿನಕ್ಕೆ ಒಂದೆರಡು ಮಾತು, ಆಮೇಲೆ ಅದೂ ಇಲ್ಲ. ಆಸ್ಪತ್ರೆ ಸೇರಿದ ಹನ್ನೆರಡನೇ ದಿನ ಬೆಳಿಗ್ಗೆ, ನರ್ಸು ಹಾಸಿಗೆಯ ಬಟ್ಟೆ ಬದಲಿಸಲು ಬಂದಾಗ, ಬದಲಿಸುವ ಅಗತ್ಯ ಉಳಿದಿರಲಿಲ್ಲ.

ಒಂದು ತಿಂಗಳು ಕಾರ್ಖಾನೆಯಲ್ಲಿ ಕಹಿಸೋಡ ತುಂಬಿಸಲಿಲ್ಲ. ಬರೀ ನಿಂಬೆ ಸೋಡ ಹೋಯಿತು. ಅಂಗಡಿಯವರು ಕೇಳತೊಡಗಿದರು. ಒಂದು ದಿನ ಪಾಕದಣ್ಣ ಹೋದಾಗ ಪಾಕದ ಕೋಣೆಯ ಗೋಡೆಗೆ ಆರು ನೀಲಿ ಡಬ್ಬಗಳನ್ನು ಒರಗಿಸಿ ಇಟ್ಟಿದ್ದರು. ಎಸೆನ್ಸು. ಯಜಮಾನಮ್ಮ ಅವುಗಳತ್ತ ನೋಡದೆ ಮಾತಾಡಿದಳು.

"ಅಣ್ಣ, ಅಕ್ಕ ಇದ್ದಿದ್ರೆ ನಾನು ಇದನ್ನ ತರಿಸ್ತಿರಲಿಲ್ಲ. ಆದ್ರೂ ಒಂದು ಕೊಪ್ಪರಿಗೆ ಕಾಯಿಸಿ. ಈ ಸಲ ರುಚಿ ನೋಡೋದೂ ನೀವೇ, ಹೇಳೋದೂ ನೀವೇ. ಸಾಕು ಅಂದ್ರೆ ತುಂಬಿಸ್ತೀವಿ, ಡಬ್ಬ ವಾಪಸ್ ಹೋಗತ್ತೆ. ನಿಮಗೇ ಧೈರ್ಯ ಇಲ್ಲ ಅಂದ್ರೆ ಡಬ್ಬ ಒಡೆಸ್ತೀನಿ. ಬಲವಂತ ಮಾಡಲ್ಲ."

ಅವನು ಮೂರು ದಿನ ಸಿಪ್ಪೆ ನೆನೆಹಾಕಿದ. ನಾಲ್ಕನೇ ದಿನ ಒಲೆ ಹಚ್ಚಿದ. ಸಕ್ಕರೆ ಕೆಂಪಾಗುವಾಗ ಕೈ ತಾನಾಗಿ ನೀರಿನ ಪಾತ್ರೆಗೆ ಹೋಯಿತು, ತಾನಾಗಿ ಹುಯ್ದಿತು. ಭುಸ್ಸೆಂದು ಎದ್ದ ಹಬೆಯಲ್ಲಿ ಅವನು ಒಂದಿಷ್ಟು ಹೊತ್ತು ಏನನ್ನೂ ಯೋಚಿಸಲಿಲ್ಲ. ತಿಂಗಳಲ್ಲಿ ಅದೇ ಮೊದಲು. ಪಾಕ ತಣಿದ ಮೇಲೆ ಸೋಡಾ ಕಲಸಿ ಒಂದು ಬಾಟಲಿ ತುಂಬಿಸಿದ, ಕೆಂಪು ದಾರ ಮೊದಲೇ ಕಟ್ಟಿದ, ಮನೆಗೆ ಹೊರಟ. ಮನೆಯಲ್ಲಿ ಯಾರಿದ್ದಾರೆಂದು ಹೊರಟ? ಕಾಲಿಗೆ ಇನ್ನೂ ಯಾರೂ ಹೇಳಿರಲಿಲ್ಲ, ಅಷ್ಟೆ.

ಬೆತ್ತದ ಕುರ್ಚಿ ಬಾಗಿಲಿಗೆ ಎದುರಾಗಿಯೇ ಇತ್ತು. ಅವನು ಅದರ ಪಕ್ಕ ನೆಲದ ಮೇಲೆ ಕೂತ. ಅವಳ ಲೋಟಕ್ಕೆ ಬಗ್ಗಿಸಿದ, ಸಿಟ್ಟು ಇಳಿಯುವ ತನಕ ಕಾದ, ಮೊದಲ ಗುಟುಕನ್ನು ನಾಲಿಗೆಯ ಮೇಲೆ ಇಟ್ಟುಕೊಂಡ. ಕಹಿ. ನುಂಗಿ ಹತ್ತು ಎಣಿಸಿದ. ಏನೋ ಬಂತು. ಬಂದದ್ದು ಸಿಹಿಯೋ, ಸಿಹಿ ಬರಲಿ ಎಂಬ ಆಸೆಯೋ? ಇಪ್ಪತ್ತಾರು ವರ್ಷ ಅವಳು ಸಾಕು ಎಂದ ಮೇಲೆಯೇ ಕುಡಿದವನಿಗೆ, ಅವಳು ಹೇಳದ ರುಚಿ ರುಚಿಯೆಂದೇ ಅನಿಸಲಿಲ್ಲ. ಎರಡನೇ ಗುಟುಕು ಹಾಕಿದ. ಆಗಲೂ ತಿಳಿಯಲಿಲ್ಲ.

"ಹೇಳೇ" ಎಂದ ಕುರ್ಚಿಗೆ. "ಹೇಳಬಾರದಾ ಒಂದು ಮಾತು!"

ಕುರ್ಚಿ ಏನು ಹೇಳುತ್ತದೆ. ಹೊರಗೆ ವ್ಯಾನು ನಿಂತ ಸದ್ದಾಯಿತು. ಉತ್ತರ ಕೇಳಿಕೊಂಡು ಬಾ ಎಂದು ಯಜಮಾನಮ್ಮ ಬಾಮೈದನನ್ನು ಕಳಿಸಿದ್ದಳು. ಪಾಕದಣ್ಣ ಲೋಟ ಕೆಳಗಿಟ್ಟ. ಕೂತಲ್ಲಿಂದಲೇ ಕೂಗಿ ಹೇಳಿದ:

"ಡಬ್ಬ ಒಡೆಯೋಕೆ ಹೇಳೋ ಅವರಿಗೆ. ನನ್ನ ಕೈಲಾಗಲ್ಲ. ಅವಳ ಜೊತೆಗೇ ಹೋಯ್ತು ಅದು."

ಬಾಮೈದ ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನಿಂತು, ತಲೆ ತಗ್ಗಿಸಿ ನೆಲವನ್ನೇ ನೋಡುತ್ತಿದ್ದ. ಮನೆತುಂಬ ಮಾತಾಡುವ ಆ ಮನುಷ್ಯ ಹಾಗೆ ನಿಂತದ್ದನ್ನು ಕಂಡು ಪಾಕದಣ್ಣನಿಗೆ ಗಾಬರಿಯಾಯಿತು.

"ಏನೋ ಅದು? ಏನಾಯ್ತು?"

"ಭಾವ, ಬನ್ನಿ ಇಲ್ಲಿ."

"ಯಾಕೆ?"

"ಬನ್ನಿ ಅಂದ್ರೆ. ಮುಟ್ಟಬೇಡಿ. ಬರೀ ನೋಡಿ."

ಪಾಕದಣ್ಣ ಎದ್ದು ಬಾಗಿಲಿಗೆ ಬಂದ. ನೋಡುವಂಥದ್ದೇನೂ ಇರಲಿಲ್ಲ. ಹೊಸ್ತಿಲ ಪಕ್ಕ ಅವನದೇ ಹಳೆಯ ಚಪ್ಪಲಿಗಳಿದ್ದವು. ಎರಡೂ ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಒಂದರ ಪಕ್ಕ ಒಂದು, ಅಂಗಡಿಯಲ್ಲಿ ಮಾರಲು ಇಟ್ಟ ಹಾಗೆ ಜೋಡಿಯಾಗಿ ಕೂತಿದ್ದವು.

"ಆಸ್ಪತ್ರೆಯಲ್ಲಿ ಅಕ್ಕ ಹೇಳಿದ್ಳು" ಎಂದ ಬಾಮೈದ. "ನಾನು ಹೋದ ಮೇಲೆ ಭಾವ ಮೊದಲ್ನೇ ಪಾಕ ಕಾಯಿಸಿದ ದಿನ ಹೋಗಿ ಬಾಗಿಲಲ್ಲಿ ನೋಡು ಅಂದ್ಳು. ಪಾಕ ಚೆನ್ನಾಗಿ ಬಂದ ದಿನ ಈ ಮನುಷ್ಯ ಚಪ್ಪಲಿ ಜೋಡಿಸಿ ಬಿಡ್ತಾನೆ, ಕೆಟ್ಟ ದಿನ ದಿಕ್ಕಿಗೊಂದು ಎಸೀತಾನೆ, ಅವನಿಗೇ ಅದು ಗೊತ್ತಿಲ್ಲ, ಮೊದಲೇ ಹೇಳಬೇಡ ಕೆಡಿಸ್ತಾನೆ ಅಂದ್ಳು. ಅವಳು ಅದನ್ನೇ ನೋಡ್ತಿದ್ದಿದ್ದು ಭಾವ. ಎಂಟು ತಿಂಗಳೂ ಅದನ್ನೇ."

ಪಾಕದಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. ಚಪ್ಪಲಿ ಬಿಟ್ಟದ್ದು ಅವನಿಗೆ ನೆನಪೇ ಇರಲಿಲ್ಲ. ಹಿಂತಿರುಗಿ ಬೆತ್ತದ ಕುರ್ಚಿಯನ್ನು ನೋಡಿದ. ಅದರಲ್ಲಿ ಕೂತವರಿಗೆ ಬೀದಿ ಕಾಣುತ್ತಿರಲಿಲ್ಲ, ಬರುವವರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಹೊಸ್ತಿಲ ಪಕ್ಕದ ಈ ಒಂದು ಮೊಳ ಜಾಗ. ಅವನು ಅಲ್ಲೇ ಕುಸಿದು ಕೂತು, ಆಸ್ಪತ್ರೆಯಲ್ಲಿ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತ. ಬಾಮೈದ ತಡೆಯಲಿಲ್ಲ. ಅವನೂ ಮೆಟ್ಟಿಲ ಮೇಲೆ ಕೂತ.

ಬಹಳ ಹೊತ್ತಾದ ಮೇಲೆ ಬಾಮೈದ ವ್ಯಾನಿನ ಕೀಲಿ ಹಿಡಿದು ಎದ್ದು ನಿಂತ.

"ಯಜಮಾನಮ್ಮಂಗೆ ಏನು ಹೇಳಲಿ ಭಾವ?"

ಪಾಕದಣ್ಣ ಮುಖ ಒರೆಸಿಕೊಂಡ.

"ಸಾಕಂತೆ ಅಂತ ಹೇಳು" ಎಂದ.